ಮೊದಲು ಕಾಗದ, ಆಮೇಲೆ ಕಂಚು: ಎಟ್ರುಸ್ಕನ್ ಆಯುಧ, ಕವಚಗಳನ್ನು ಸಂಗ್ರಹಿಸುವವರಿಗೆ

ರೋಮ್ ಇನ್ನೂ ತೈಬರ್ ನದಿಯ ದಂಡೆಯ ಸಣ್ಣ ಊರಾಗಿದ್ದಾಗಲೇ ಅದರ ಉತ್ತರಕ್ಕೆ, ಆರ್ನೋ ನದಿಯವರೆಗೆ ಹಬ್ಬಿದ ನಾಡಿನಲ್ಲಿ ಎಟ್ರುಸ್ಕನ್ನರ ನಗರಗಳು ತಲೆಯೆತ್ತಿದ್ದವು. ತಾರ್ಕ್ವೀನಿಯಾ, ಚೆರ್ವೆತೆರಿ, ವುಲ್ಚಿ, ವೆತುಲೋನಿಯಾ ಮುಂತಾದ ಈ ನಗರಗಳ ಬೆನ್ನಿಗೆ ತಾಮ್ರದ, ಕಬ್ಬಿಣದ ಗಣಿಗಳಿದ್ದವು. ಅವರ ಕಂಚಿನ ಕೆಲಸವನ್ನು ಗ್ರೀಕರೂ ಮೆಚ್ಚಿ ಬರೆದಿದ್ದಾರೆ. ಅವರ ಶಿರಸ್ತ್ರಾಣ, ಗುರಾಣಿ, ಈಟಿಗಳನ್ನು ಸಂಗ್ರಹಿಸಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಆದರೆ ಒಂದು ಸಂಗತಿಯನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಎಟ್ರುಸ್ಕನ್ನರು ಯೋಧನನ್ನು ಅವನ ಆಯುಧಗಳ ಜೊತೆಗೇ ಸಮಾಧಿ ಮಾಡುತ್ತಿದ್ದರು. ಇಂದು ಉಳಿದಿರುವುದರಲ್ಲಿ ಹೆಚ್ಚಿನ ಪಾಲು ಬಂದಿರುವುದು ಸಮಾಧಿಗಳಿಂದ, ಉಳಿದದ್ದು ದೇವರಿಗೆ ಅರ್ಪಿಸಿದ ಹರಕೆಯ ನೆಲೆಗಳಿಂದ. ಹಾಗಾಗಿ ಮಾರಾಟಕ್ಕೆ ಬಂದ ಪ್ರತಿಯೊಂದು ಶಿರಸ್ತ್ರಾಣವನ್ನೂ ಯಾರೋ ಒಬ್ಬರು, ಯಾವತ್ತೋ ಒಂದು ದಿನ, ಒಬ್ಬ ಸತ್ತವನ ಪಕ್ಕದಿಂದಲೋ ಒಂದು ಗುಡಿಯ ನೆಲದಿಂದಲೋ ಎತ್ತಿದ್ದಾರೆ. ಎತ್ತಿದವರು ಯಾರು, ಯಾವಾಗ, ಯಾರ ಅನುಮತಿಯಿಂದ? ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಈ ಪ್ರಶ್ನೆಯ ಸುತ್ತಲೇ ಇವೆ.

ಹೆಜ್ಜೆ 1: ಕಣ್ಣು ಪಳಗಲಿ

ಮೊದಲ ಒಂದು ವರ್ಷ ಏನನ್ನೂ ಕೊಳ್ಳಬೇಡಿ. ಆ ಹಣವನ್ನು ವಸ್ತುಸಂಗ್ರಹಾಲಯಗಳ ಪ್ರವಾಸಕ್ಕೆ, ಪ್ರದರ್ಶನಗಳ ಸಚಿತ್ರ ಸೂಚಿಗಳಿಗೆ ಖರ್ಚು ಮಾಡಿ. ಎಟ್ರುಸ್ಕನ್ ಯುದ್ಧ ಸಾಮಗ್ರಿ ಆರು ಶತಮಾನಗಳಿಗೂ ಹೆಚ್ಚು ಕಾಲ ಬದಲಾಗುತ್ತ ಹೋಗಿದೆ. ಆ ಬದಲಾವಣೆಯನ್ನು ಕಣ್ಣಿನಿಂದಲೇ ಓದಲು ಬಾರದಿದ್ದರೆ ಮಾರುವವನು ಹೇಳಿದ್ದೆಲ್ಲ ನಿಜವಾಗಿ ಕಾಣುತ್ತದೆ.

ಅತ್ಯಂತ ಹಳೆಯದು ವಿಲ್ಲನೋವನ್ ಹಂತ, ಸುಮಾರು ಕ್ರಿ.ಪೂ. 900ರಿಂದ 700ರ ಆಸುಪಾಸಿನವರೆಗೆ. ಈ ಕಾಲದ ಎತ್ತರದ ಚೂಪು ಜುಟ್ಟಿನ ಕಂಚಿನ ಶಿರಸ್ತ್ರಾಣವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎರಡು ತೆಳು ತಗಡುಗಳನ್ನು ಬಡಿದು ರೂಪಿಸಿ ಅಂಚಿನಲ್ಲಿ ಕೂಡಿಸಿರುತ್ತಾರೆ. ಬುಡದಲ್ಲಿ ಮುಂದೆ, ಹಿಂದೆ ಕಡ್ಡಿಗಳಂತೆ ಚಾಚಿದ ಮೊಳೆಗಳಿರುತ್ತವೆ. ತಗಡಿನ ಮೇಲೆ ಒಳಗಿನಿಂದ ಗುದ್ದಿ ಎಬ್ಬಿಸಿದ ಚುಕ್ಕಿಗಳ ಸಾಲು ಇರುತ್ತದೆ. ಆಗ ಶವವನ್ನು ಸುಟ್ಟು ಬೂದಿಯನ್ನು ಮಡಕೆಯಲ್ಲಿ ಇಡುತ್ತಿದ್ದರು. ಗಂಡಸರ ಮಡಕೆಗೆ ಎಷ್ಟೋ ಸಲ ಶಿರಸ್ತ್ರಾಣವೇ ಮುಚ್ಚಳ. ಕಂಚಿನದು ಇಲ್ಲದ ಕಡೆ ಅದೇ ಆಕಾರದ ಮಣ್ಣಿನ ಶಿರಸ್ತ್ರಾಣವನ್ನು ಸುಟ್ಟು ಮಾಡಿ ಕವುಚಿ ಇಟ್ಟಿದ್ದಾರೆ. ಹಿಡಿಯ ತುದಿಯಲ್ಲಿ ಎರಡು ಸುರುಳಿಗಳು ಎದುರುಬದುರಾಗಿ ಬಾಗಿದ ಕತ್ತಿಗಳೂ ಈ ಕಾಲದವೇ.

ಕ್ರಿ.ಪೂ. 7ನೇ ಶತಮಾನಕ್ಕೆ ಬಂದರೆ ಪೂರ್ವದೇಶಗಳ ಅಲಂಕಾರದ ಮೋಹ ಎದ್ದು ಕಾಣುತ್ತದೆ. ಚೆರ್ವೆತೆರಿಯಲ್ಲಿ 1836ರಲ್ಲಿ ತೆರೆದ ರೆಗೊಲಿನಿ–ಗಲಾಸ್ಸಿ ಸಮಾಧಿಯ ದೊಡ್ಡ ಕಂಚಿನ ಗುರಾಣಿಗಳು ಇಂದು ವ್ಯಾಟಿಕನ್ನಿನ ಎಟ್ರುಸ್ಕನ್ ಸಂಗ್ರಹಾಲಯದಲ್ಲಿವೆ. ಅಂಥ ತಗಡು ಒಂದು ಬಲವಾದ ಏಟನ್ನೂ ತಡೆಯದಷ್ಟು ತೆಳುವು. ಅವು ಯುದ್ಧಕ್ಕೆಂದು ಮಾಡಿದವಲ್ಲ, ಅಂತಸ್ತನ್ನು ಸಾರಲು ಗೋಡೆಗೆ ತೂಗುಹಾಕಿದವು. ಇದೇ ಶತಮಾನದ ಇನ್ನೊಂದು ನೋಡಲೇಬೇಕಾದ ವಸ್ತು ವೆತುಲೋನಿಯಾದ ಆವೆಲೆ ಫೆಲುಸ್ಕೆಯ ಶಿಲಾಫಲಕ. ನಮ್ಮ ವೀರಗಲ್ಲುಗಳನ್ನು ಕಂಡು ಬೆಳೆದವರಿಗೆ ಅದು ಕೂಡಲೇ ಆಪ್ತವಾಗುತ್ತದೆ: ಜುಟ್ಟಿನ ಶಿರಸ್ತ್ರಾಣ, ದುಂಡು ಗುರಾಣಿ, ಕೈಯಲ್ಲಿ ಇಬ್ಬಾಯಿ ಕೊಡಲಿ ಹಿಡಿದ ಯೋಧ, ಅಂಚಿನಲ್ಲಿ ಅವನ ಹೆಸರು. ಅದೇ ಊರಿನ ಒಂದು ಸಮಾಧಿಯಲ್ಲಿ 1898ರಲ್ಲಿ ಇಸಿದೊರೊ ಫಾಲ್ಕಿ ಅವರು ಕಬ್ಬಿಣದ ಸರಳುಗಳ ಕಟ್ಟಿಗೆ ಸೇರಿಸಿದ ಇಬ್ಬಾಯಿ ಕೊಡಲಿಯನ್ನು ಕಂಡುಹಿಡಿದರು. ರೋಮಿನ ಅಧಿಕಾರ ಚಿಹ್ನೆಯಾದ ಸರಳುಗಂತೆ–ಕೊಡಲಿಯ ಮೂಲ ಎಟ್ರುಸ್ಕನ್ನರಲ್ಲಿದೆ ಎಂಬ ಹಳೆಯ ಮಾತಿಗೆ ಅದು ಬಲ ಕೊಟ್ಟಿತು. ಫಲಕ, ಕೊಡಲಿ ಎರಡೂ ಫ್ಲಾರೆನ್ಸಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯಕ್ಕೆ ಸೇರಿವೆ.

ಮುಂದಿನದು ಗ್ರೀಕ್ ಮಾದರಿಯ ಭಾರೀ ಕಾಲಾಳುಗಳ ಕಾಲ. ರೋಮಿನ ವಿಲ್ಲಾ ಜೂಲಿಯಾ ಸಂಗ್ರಹಾಲಯದಲ್ಲಿ ವುಲ್ಚಿಯ ‘ಯೋಧನ ಸಮಾಧಿ’ಯ ವಸ್ತುಗಳಿವೆ; ಕ್ರಿ.ಪೂ. 6ನೇ ಶತಮಾನದ ಕೊನೆಯ ಒಬ್ಬ ಯೋಧನ ಶಿರಸ್ತ್ರಾಣ, ಗುರಾಣಿ, ಕಾಲ್ಗವಚಗಳನ್ನು ಒಟ್ಟಿಗೆ ನೋಡಬಹುದು. ಬಿಡಿಬಿಡಿಯಾಗಿ ನೋಡಿದ ಹತ್ತು ವಸ್ತುಗಳಿಗಿಂತ ಹೀಗೆ ಒಟ್ಟಾಗಿ ಉಳಿದ ಒಂದು ಗುಂಪು ಹೆಚ್ಚು ಕಲಿಸುತ್ತದೆ. ಈ ಕಾಲದ ಮುಖ್ಯ ಶಿರಸ್ತ್ರಾಣ ನೆಗಾವು ಮಾದರಿಯದು: ಗಂಟೆಯಂಥ ಆಕಾರ, ನೆತ್ತಿಯ ಮೇಲೆ ಏಣು, ಬುಡದಲ್ಲಿ ಸುತ್ತಲೂ ಚಾಚಿದ ಅಂಚು. ಹೆಸರು ಬಂದಿರುವುದು ಅಂಥವು ರಾಶಿಯಾಗಿ ಸಿಕ್ಕ ಸ್ಲೊವೇನಿಯಾದ ಊರಿನಿಂದ. ವೆತುಲೋನಿಯಾದಲ್ಲಿ 20ನೇ ಶತಮಾನದ ಆರಂಭದಲ್ಲಿ ಇಂಥ ನೂರಕ್ಕೂ ಹೆಚ್ಚು ಶಿರಸ್ತ್ರಾಣಗಳು ಒಂದೇ ಗುಂಡಿಯಲ್ಲಿ ಸಿಕ್ಕವು. ಬೇಕೆಂದೇ ಜಜ್ಜಿ ಚಪ್ಪಟೆ ಮಾಡಿ ಹೂಳಿದ್ದರು. ಹಲವುಗಳ ಮೇಲೆ ‘ಹಸ್ಪ್ನಾಸ್’ ಎಂಬ ಒಂದೇ ಕುಲನಾಮ ಕೊರೆದಿತ್ತು.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ನೆಗಾವು ಶಿರಸ್ತ್ರಾಣ ಮಾತ್ರ ಎಲ್ಲಕ್ಕೂ ಮೇಲು. ಕ್ರಿ.ಪೂ. 474ರಲ್ಲಿ ಕ್ಯೂಮೆಯ ಸಮುದ್ರಯುದ್ಧದಲ್ಲಿ ಎಟ್ರುಸ್ಕನ್ನರನ್ನು ಸೋಲಿಸಿದ ಸಿಸಿಲಿಯ ಗ್ರೀಕ್ ನಗರ ಸಿರಾಕ್ಯೂಸಿನ ಅರಸ ಹಿಯೆರೋನ್, ಲೂಟಿಯಲ್ಲಿ ಸಿಕ್ಕ ಅದನ್ನು ಒಲಿಂಪಿಯಾದ ಸ್ಯೂಸ್ ದೇವರಿಗೆ ಅರ್ಪಿಸಿದ. ಡೈನೊಮೆನೆಸನ ಮಗ ಹಿಯೆರೋನ್ ಮತ್ತು ಸಿರಾಕ್ಯೂಸಿನವರು ಕ್ಯೂಮೆಯಲ್ಲಿ ಗೆದ್ದ ಎಟ್ರುಸ್ಕನ್ ಲೂಟಿಯಿಂದ ಇದನ್ನು ಕೊಟ್ಟರೆಂದು ಅದರ ಮೇಲೆಯೇ ಬರೆದಿದೆ. ನೋಡಲು ಸಾದಾ ಶಿರಸ್ತ್ರಾಣ. ಆದರೆ ಯಾರದು, ಎಲ್ಲಿಂದ ಬಂತು, ಯಾವ ವರ್ಷದ್ದು, ಏಕೆ ಅಲ್ಲಿಗೆ ಹೋಯಿತು ಎಂಬುದೆಲ್ಲ ಗೊತ್ತಿರುವುದರಿಂದ ಅದಕ್ಕೆ ಬೆಲೆ ಕಟ್ಟಲಾಗದು.

ಕೊನೆಯ ಹಂತದಲ್ಲಿ, ಕ್ರಿ.ಪೂ. 4ನೇ ಶತಮಾನದಿಂದ, ನೆತ್ತಿಯಲ್ಲಿ ಗುಬುಟು, ಹಿಂದೆ ಕುತ್ತಿಗೆಗೆ ಸಣ್ಣ ಚಾಚು, ಕೆನ್ನೆಗೆ ತಗಡುಗಳಿರುವ ಮೊಂತೆಫೊರ್ತಿನೊ ಶಿರಸ್ತ್ರಾಣ ಬರುತ್ತದೆ. ಅದು ಗಾಲರಲ್ಲೂ ರೋಮನ್ನರಲ್ಲೂ ಬಳಕೆಯಲ್ಲಿತ್ತು. ಕವಚವನ್ನು ಹೇಗೆ ತೊಡುತ್ತಿದ್ದರೆಂದು ತಿಳಿಯಲು ವ್ಯಾಟಿಕನ್ನಿನ ‘ತೋದಿಯ ಮಾರ್ಸ್’ ಕಂಚಿನ ಪ್ರತಿಮೆಯ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. ಸಣ್ಣ ಪಟ್ಟಿಗಳನ್ನು ಜೋಡಿಸಿದ ಎದೆಗವಚ, ಹೆಗಲ ಮೇಲಿನ ಪಟ್ಟಿಗಳು, ಕೆಳಗಿನ ತೊಗಲ ಅಂಚು ಎಲ್ಲವನ್ನೂ ಶಿಲ್ಪಿ ಬಿಡಿಸಿ ತೋರಿಸಿದ್ದಾನೆ. ಸಾಧ್ಯವಾದರೆ ಚೆರ್ವೆತೆರಿಯ ಬಂದಿತಾಚ್ಚಾ ಸಮಾಧಿ ಪ್ರದೇಶದಲ್ಲಿರುವ ‘ಉಬ್ಬುಚಿತ್ರಗಳ ಸಮಾಧಿ’ಗೂ ಹೋಗಿ. ಮಾತುನಾ ಮನೆತನದ ಆ ಕೋಣೆಯ ಗೋಡೆಗಳಲ್ಲಿ ಗಾರೆಯಿಂದ ಮಾಡಿ ಬಣ್ಣ ಬಳಿದ ಗುರಾಣಿ, ಶಿರಸ್ತ್ರಾಣ, ಕಾಲ್ಗವಚ, ಕತ್ತಿಗಳು ಮನೆಯ ಪಾತ್ರೆ, ಹಗ್ಗಗಳ ಜೊತೆಯಲ್ಲೇ ತೂಗುತ್ತಿವೆ.

ಹೆಜ್ಜೆ 2: ಹರವು ಕಿರಿದಾಗಲಿ

ಎಲ್ಲ ಕಾಲದ ಎಲ್ಲವನ್ನೂ ಸೇರಿಸಲು ಹೊರಟವರ ಬಳಿ ಕೊನೆಗೆ ಉಳಿಯುವುದು ಗುರುತು ಸಿಗದ ಚೂರುಗಳು. ಒಂದು ಕಾಲ ಅಥವಾ ಒಂದು ಬಗೆಯನ್ನು ಹಿಡಿಯಿರಿ. ಪೂರ್ಣ ಶಿರಸ್ತ್ರಾಣಕ್ಕೆ ಹತ್ತಾರು ಸಾವಿರ ಡಾಲರ್ ಬೇಕಾಗಬಹುದು. ಕಂಚಿನ ಭರ್ಜಿಮೊನೆ, ಕೆನ್ನೆಯ ತಗಡು, ನಡುಪಟ್ಟಿಯ ಕೊಂಡಿ ಇವು ಕೈಗೆಟಕುತ್ತವೆ. ಭರ್ಜಿಮೊನೆಯ ವಿಷಯದಲ್ಲಿ ಎಚ್ಚರವಿರಲಿ. ಒಂದೇ ಆಕಾರ ಇಟಲಿಯ ಬೇರೆ ಬೇರೆ ಜನರಲ್ಲಿತ್ತು. ಸಿಕ್ಕ ಜಾಗ ಗೊತ್ತಿಲ್ಲದ ಭರ್ಜಿಮೊನೆಗೆ ‘ಎಟ್ರುಸ್ಕನ್’ ಎಂಬ ಹೆಸರು ಅಂಟಿಸಿದ್ದರೆ ಅದು ಬೆಲೆ ಏರಿಸುವ ಉಪಾಯ. ‘ಇಟಲಿಯ ಕಬ್ಬಿಣ ಯುಗದ್ದು’ ಎಂದಷ್ಟೇ ಬರೆದ ವ್ಯಾಪಾರಿಯನ್ನು ನಾನು ಹೆಚ್ಚು ನಂಬುತ್ತೇನೆ.

ಹೆಜ್ಜೆ 3: ಕಾನೂನು ತಿಳಿದುಕೊಳ್ಳಿ

ಇಟಲಿಯಲ್ಲಿ 1909ರ ಕಾನೂನಿನಿಂದ ಮೊದಲ್ಗೊಂಡು ನೆಲದಡಿ ಸಿಕ್ಕ ಪ್ರಾಚೀನ ವಸ್ತು ಸರ್ಕಾರದ ಆಸ್ತಿ. ಹೊಲ ನಿಮ್ಮದೇ ಆಗಿದ್ದರೂ ಅದರಡಿ ಸಿಕ್ಕ ಶಿರಸ್ತ್ರಾಣ ನಿಮ್ಮದಲ್ಲ. ಈಗಿನ 2004ರ ಸಾಂಸ್ಕೃತಿಕ ಸ್ವತ್ತುಗಳ ಸಂಹಿತೆಯ ಪ್ರಕಾರ ಆಕಸ್ಮಿಕವಾಗಿ ಏನಾದರೂ ಸಿಕ್ಕರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಹಾಗೆ ತಿಳಿಸಿದವರಿಗೆ ವಸ್ತುವಿನ ಮೌಲ್ಯದ ನಾಲ್ಕನೇ ಒಂದು ಪಾಲಿನವರೆಗೆ ಬಹುಮಾನ ಸಿಗಬಹುದು. ಇಟಲಿ ಪ್ರವಾಸದಲ್ಲಿ ಲೋಹಶೋಧಕ ಹಿಡಿದು ಸಮಾಧಿ ಬಯಲುಗಳಿಗೆ ಹೋಗುವ ಯೋಚನೆಯೂ ಬೇಡ. ಅಲ್ಲಿಂದ ಪುರಾತನ ವಸ್ತು ಹೊರತರಲು ಪರವಾನಗಿ ಬೇಕು. ಮಹತ್ವದ ವಸ್ತುಗಳಿಗೆ ಅದು ಬಹುಮಟ್ಟಿಗೆ ಸಿಗುವುದಿಲ್ಲ.

ನೀವಿರುವ ದೇಶದ ನಿಯಮಗಳೂ ಅಷ್ಟೇ ಮುಖ್ಯ. ಅಮೆರಿಕದಲ್ಲಿರುವ ಕನ್ನಡಿಗರು 2001ರ ಜನವರಿಯಲ್ಲಿ ಇಟಲಿಯೊಂದಿಗೆ ಆದ ಒಪ್ಪಂದವನ್ನು ಓದಿಕೊಳ್ಳಬೇಕು. ಅದು ಹೆಸರಿಸಿದ ಬಗೆಯ ವಸ್ತು ಅದಕ್ಕೂ ಮೊದಲೇ ಇಟಲಿ ಬಿಟ್ಟಿತ್ತೆಂಬ ದಾಖಲೆಯಾಗಲಿ ಇಟಲಿಯ ಪರವಾನಗಿಯಾಗಲಿ ಇಲ್ಲದಿದ್ದರೆ ಒಳಗೆ ಬರುವಂತಿಲ್ಲ. ಜರ್ಮನಿಯಲ್ಲಿ 2016ರ ಸಾಂಸ್ಕೃತಿಕ ಸ್ವತ್ತು ಸಂರಕ್ಷಣಾ ಕಾನೂನಿದೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಒಳಗೆ ತರುವ 250 ವರ್ಷಕ್ಕೂ ಹಳೆಯ ಪುರಾತತ್ವ ವಸ್ತುಗಳಿಗೆ 2025ರ ಜೂನ್‌ನಿಂದ ಆಮದು ಪರವಾನಗಿ ಬೇಕು.

ಭಾರತದಲ್ಲಿರುವವರಿಗೆ ಬೇರೆ ತೊಡಕುಗಳಿವೆ. 1972ರ ಪುರಾತನ ವಸ್ತುಗಳ ಕಾನೂನು ನೂರು ವರ್ಷ ದಾಟಿದ ವಸ್ತುಗಳನ್ನು ಅಗಲವಾದ ವ್ಯಾಖ್ಯೆಯೊಳಗೆ ತರುತ್ತದೆ, ಖಾಸಗಿಯವರು ಅಂಥವನ್ನು ರಫ್ತು ಮಾಡುವುದನ್ನು ನಿಷೇಧಿಸುತ್ತದೆ. ಇಲ್ಲಿಗೆ ತರಿಸಿದ್ದನ್ನು ನಾಳೆ ಲಂಡನ್ನಿನ ಹರಾಜಿಗೆ ಕಳುಹಿಸಿದರಾಯಿತು ಎಂದುಕೊಳ್ಳಬೇಡಿ. ತರಿಸುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನೂ ಕಸ್ಟಮ್ಸ್ ಇಲಾಖೆಯನ್ನೂ ಬರವಣಿಗೆಯಲ್ಲಿ ಕೇಳಿ, ಬಂದ ಉತ್ತರವನ್ನು ಜೋಪಾನವಾಗಿಡಿ.

ಹೆಜ್ಜೆ 4: ಕಾಗದ ನೋಡಿ, ಮತ್ತೆ ಮತ್ತೆ ನೋಡಿ

ತಾರ್ಕ್ವೀನಿಯಾದಲ್ಲಿ, ಹಳೆಯ ನಗರ ಇದ್ದ ಚಿವಿತಾ ಎಂಬ ದಿಬ್ಬದಲ್ಲಿ, 1980ರ ದಶಕದಲ್ಲಿ ಮಿಲಾನ್ ವಿಶ್ವವಿದ್ಯಾಲಯದ ಮರಿಯಾ ಬೊಂಗಿ ಜೊವಿನೊ ಅವರ ತಂಡ ಒಂದು ಗುಂಡಿಯನ್ನು ತೆರೆಯಿತು. ಅದರಲ್ಲಿ ಮೂರು ಕಂಚಿನ ವಸ್ತುಗಳಿದ್ದವು: ಕೊಡಲಿ, ಮಡಿಸಿದ ಗುರಾಣಿ, ಬಗ್ಗಿಸಿದ ಕೊಂಬುಕಹಳೆ. ಕ್ರಿ.ಪೂ. 7ನೇ ಶತಮಾನದ ಆರಂಭದವು. ಪವಿತ್ರ ಕಟ್ಟಡವೊಂದರ ಬಾಗಿಲ ಬಳಿ, ಇನ್ನು ಯಾರೂ ಬಳಸದಂತೆ ಮಡಿಸಿ, ವಿಧಿಪೂರ್ವಕವಾಗಿ ಹೂಳಿದ್ದವು. ಒಬ್ಬ ಅರಸನ ಅಧಿಕಾರವೂ ದೇವರ ನೆಲೆಯೂ ಕೂಡುವ ಜಾಗ ಅದು ಎಂಬ ತಿಳಿವಳಿಕೆ ಅಲ್ಲಿಂದಲೇ ಬಂತು.

ಆ ಗುಂಡಿಯನ್ನು ರಾತ್ರಿ ಕಳ್ಳರು ತೆರೆದಿದ್ದರೆ? ಕೊಡಲಿ ಒಂದು ಕಡೆ ಮಾರಾಟವಾಗುತ್ತಿತ್ತು. ಗುರಾಣಿಯನ್ನು ತಟ್ಟಿ ನೇರ ಮಾಡಿ ಇನ್ನೊಂದು ಕಡೆ. ಮುರುಕು ಕಹಳೆ ಎಲ್ಲಿಗೆ ಹೋಗುತ್ತಿತ್ತೋ ತಿಳಿಯದು. ಮೂರು ವಸ್ತುಗಳೂ ಜಗತ್ತಿನಲ್ಲಿ ಉಳಿಯುತ್ತಿದ್ದವು, ಅವು ಹೇಳುವ ಮಾತು ಮಾತ್ರ ಶಾಶ್ವತವಾಗಿ ಅಳಿಯುತ್ತಿತ್ತು. ಹಂಪಿಯ ಸುತ್ತ ನಿಧಿಗಳ್ಳರು ಮಾಡಿದ ಹಾನಿಯನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಟಲಿಯಲ್ಲಿ ಅವರನ್ನು ‘ತೊಂಬರೋಲಿ’ ಎನ್ನುತ್ತಾರೆ. ಉದ್ದನೆಯ ಉಕ್ಕಿನ ಸರಳನ್ನು ನೆಲಕ್ಕೆ ಚುಚ್ಚಿ ಟೊಳ್ಳು ಹುಡುಕುವುದು ಅವರ ಹಳೆಯ ವಿದ್ಯೆ.

ಅವರು ಅಗೆದದ್ದು ಎಷ್ಟು ದೊಡ್ಡ ಬಾಗಿಲುಗಳನ್ನು ದಾಟಿತ್ತೆಂಬುದು ಬಯಲಾದದ್ದು 1995ರಲ್ಲಿ. ಜಿನೀವಾದ ತೆರಿಗೆಮುಕ್ತ ಗೋದಾಮಿನಲ್ಲಿ ಜಾಕೊಮೊ ಮೆದಿಚಿ ಎಂಬ ವ್ಯಾಪಾರಿಯ ಉಗ್ರಾಣದ ಮೇಲೆ ದಾಳಿಯಾದಾಗ ಸಾವಿರಾರು ಫೋಟೋಗಳು ಸಿಕ್ಕವು. ಅವುಗಳಲ್ಲಿ ಎಷ್ಟೋ ಮಣ್ಣು ಮೆತ್ತಿದ, ಆಗಷ್ಟೇ ಅಗೆದ ವಸ್ತುಗಳವು. ಮೆದಿಚಿಗೆ ಶಿಕ್ಷೆಯಾಯಿತು. ಚೆರ್ವೆತೆರಿಯ ಎಟ್ರುಸ್ಕನ್ ಸಮಾಧಿಯಿಂದ ಹೊರಟು 1972ರಲ್ಲಿ ಸುಮಾರು ಹತ್ತು ಲಕ್ಷ ಡಾಲರಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದ್ದ ಯೂಫ್ರೋನಿಯಸನ ಗ್ರೀಕ್ ಪಾತ್ರೆ 2008ರಲ್ಲಿ ಇಟಲಿಗೆ ಮರಳಿತು. ಇಂದಿಗೂ ಹರಾಜಿಗೆ ಬಂದ ವಸ್ತುವನ್ನು ಆ ಫೋಟೋಗಳಲ್ಲಿ ಗುರುತಿಸಿ ಮಾರಾಟ ನಿಲ್ಲಿಸಿದ ಉದಾಹರಣೆಗಳಿವೆ.

ಹಾಗಾದರೆ ಏನು ಕೇಳಬೇಕು? ಸಾಂಸ್ಕೃತಿಕ ಸ್ವತ್ತುಗಳ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೋ ಒಪ್ಪಂದ ಆದದ್ದು 1970ರಲ್ಲಿ. ವಸ್ತು ಅದಕ್ಕೂ ಮೊದಲೇ ಇಟಲಿಯ ಹೊರಗಿತ್ತೆಂದು ತೋರಿಸುವ ಪುರಾವೆ ಇರಲೇಬೇಕು ಎಂಬುದು ಜವಾಬ್ದಾರಿಯುತ ಸಂಗ್ರಾಹಕರ ಕನಿಷ್ಠ ಗೆರೆ. ಕಾನೂನಿನ ದೃಷ್ಟಿಯಿಂದ 1909ಕ್ಕೂ ಹಿಂದಿನ ಪುರಾವೆ ಸಿಕ್ಕರೆ ಇನ್ನೂ ನೆಮ್ಮದಿ. ಪುರಾವೆ ಎಂದರೆ ದಿನಾಂಕವಿರುವ ಹರಾಜು ಸೂಚಿ, ರಸೀದಿ, ವಿಮಾ ಪತ್ರ, ಅಚ್ಚಾದ ಪುಸ್ತಕದಲ್ಲಿನ ಚಿತ್ರ, ಹಳೆಯ ಪತ್ರವ್ಯವಹಾರ. ಚಿತ್ರದಲ್ಲಿರುವ ಬಿರುಕು, ತೂತು, ತರಿದ ಅಂಚು ನಿಮ್ಮ ಮುಂದಿರುವ ವಸ್ತುವಿನಲ್ಲಿ ಅದೇ ಜಾಗದಲ್ಲಿ ಇವೆಯೇ ಎಂದು ಒಂದೊಂದಾಗಿ ಹೋಲಿಸಿ. ‘ಹಳೆಯ ಸ್ವಿಸ್ ಖಾಸಗಿ ಸಂಗ್ರಹ’ ಎಂಬ ಹೆಸರಿಲ್ಲದ, ವರ್ಷವಿಲ್ಲದ ಸಾಲು ಪುರಾವೆಯಲ್ಲ. 2001ರಲ್ಲಿ ತೀರಿಕೊಂಡ ಬರ್ಲಿನ್ನಿನ ಆಕ್ಸೆಲ್ ಗುಟ್‌ಮನ್ ಅವರ ದೊಡ್ಡ ಸಂಗ್ರಹದ ಶಿರಸ್ತ್ರಾಣಗಳು ಮಾರುಕಟ್ಟೆಯಲ್ಲಿ ಆಗಾಗ ಕಾಣುತ್ತವೆ. ದಾಖಲೆಗಳಿರುವ ಹೆಸರಾಂತ ಸಂಗ್ರಹ ಅದು, ನಿಜ. ಆದರೂ ಗುಟ್‌ಮನ್ ಅವರು ಅದನ್ನು ಯಾರಿಂದ, ಯಾವಾಗ ಕೊಂಡರು ಎಂಬ ಹಿಂದಿನ ಕೊಂಡಿಯನ್ನೂ ಕೇಳಿ.

ಇಟಲಿಯ ಕರಬಿನಿಯೇರಿ ಪೊಲೀಸರ ಸಾಂಸ್ಕೃತಿಕ ಸ್ವತ್ತು ರಕ್ಷಣಾ ದಳ 1969ರಿಂದ ಕೆಲಸ ಮಾಡುತ್ತಿದೆ. ಕಳವಾದ ವಸ್ತುಗಳ ಅದರ ದತ್ತಕೋಶದಲ್ಲಿ ಸಾರ್ವಜನಿಕರು ಹುಡುಕಬಹುದಾದ ಭಾಗವಿದೆ, ಅಲ್ಲಿ ತಪ್ಪದೆ ನೋಡಿ. ಕಳವಾದ ಕಲಾವಸ್ತುಗಳ ಪಟ್ಟಿ ಇಡುವ ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರ್ ಸಂಸ್ಥೆಯ ಪ್ರಮಾಣಪತ್ರವನ್ನೂ ಕೇಳಿ. ಇವುಗಳ ಮಿತಿಯೂ ತಿಳಿದಿರಲಿ: ನೆಲದಿಂದ ನೇರವಾಗಿ ಕದ್ದ ವಸ್ತು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಅದು ಇತ್ತೆಂಬುದೇ ಕಳ್ಳನ ಹೊರತು ಯಾರಿಗೂ ಗೊತ್ತಿರುವುದಿಲ್ಲ.

ಹೆಜ್ಜೆ 5: ನಕಲಿಯನ್ನು ಗುರುತಿಸಿ

ಮೆಟ್ರೊಪಾಲಿಟನ್ ಮ್ಯೂಸಿಯಂ 1915ರಿಂದ 1921ರ ನಡುವೆ ಮೂರು ಭಾರೀ ಮಣ್ಣಿನ ಎಟ್ರುಸ್ಕನ್ ಶಿಲ್ಪಗಳನ್ನು ಕೊಂಡಿತು. ಎರಡು ಯೋಧರ ಪ್ರತಿಮೆಗಳು, ಇನ್ನೊಂದು ಶಿರಸ್ತ್ರಾಣ ತೊಟ್ಟ ದೈತ್ಯ ತಲೆ. ದಶಕಗಳ ಕಾಲ ಜನ ಬೆರಗಾಗಿ ನೋಡಿದರು. ಕೊನೆಗೆ ಪರೀಕ್ಷೆಯಲ್ಲಿ ಕಪ್ಪು ಬಣ್ಣದಲ್ಲಿ ಮ್ಯಾಂಗನೀಸ್ ಕಂಡಿತು. ಪ್ರಾಚೀನರು ಆ ಕಪ್ಪನ್ನು ಪಡೆಯುತ್ತಿದ್ದುದು ಕಬ್ಬಿಣದ ಅಂಶವಿರುವ ಮಣ್ಣಿನಿಂದ, ಸುಡುವ ಕ್ರಮದಿಂದ. 1961ರಲ್ಲಿ ಆಲ್ಫ್ರೆದೊ ಫಿಯೊರಾವಾಂತಿ ಎಂಬುವರು ರೋಮಿನ ಅಮೆರಿಕನ್ ದೂತಾವಾಸ ಕಚೇರಿಯಲ್ಲಿ, ಅವನ್ನು ಮಾಡಿದವರಲ್ಲಿ ತಾನೂ ಒಬ್ಬನೆಂಬ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ಪ್ರತಿಮೆಯೊಂದರ ಇಲ್ಲದ ಹೆಬ್ಬೆರಳು ಅವರ ಬಳಿಯೇ ಇತ್ತು, ಸರಿಯಾಗಿ ಕೂತಿತು.

ಲೋಹದ ವಸ್ತುವಿನಲ್ಲಿ ಮೊದಲು ಮಿಶ್ರಣವನ್ನು ಪರೀಕ್ಷಿಸಿ. ಎಟ್ರುಸ್ಕನ್ ಕಂಚು ಎಂದರೆ ತಾಮ್ರ, ತವರ. ಎಕ್ಸ್‌-ರೇ ಪ್ರತಿದೀಪ್ತಿ ಉಪಕರಣದಲ್ಲಿ ಸತು ಗಣನೀಯವಾಗಿ ಕಂಡರೆ ಅದು ಹಿತ್ತಾಳೆ. ಇಟಲಿಯಲ್ಲಿ ಹಿತ್ತಾಳೆ ಬಳಕೆಗೆ ಬಂದದ್ದು ಬಹಳ ತಡವಾಗಿ. ಆಮೇಲೆ ಮೇಲ್ಮೈ. ಶತಮಾನಗಳು ಕಟ್ಟಿದ ಕಿಲುಬು ಪದರಪದರವಾಗಿರುತ್ತದೆ, ಹಸಿರಿನ ಕೆಳಗೆ ಕೆಂಪು, ಅದರಡಿ ಲೋಹ. ಬಣ್ಣ, ಅಂಟು ಕಲಸಿ ಬಳಿದ ಕಿಲುಬು ಅಸಿಟೋನ್ ತಾಗಿದರೆ ಮೆತ್ತಗಾಗಿ ಬರುತ್ತದೆ. ಈ ಪರೀಕ್ಷೆಯನ್ನು ನೀವೇ ಮಾಡಬೇಡಿ, ಸಂರಕ್ಷಣಾ ತಜ್ಞರಿಂದ ಮಾಡಿಸಿ. ಶಿರಸ್ತ್ರಾಣದ ಒಳಭಾಗವನ್ನು ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ: ಸುತ್ತಿಗೆಯ ಏಟಿನ ಗುರುತುಗಳು ಇರಬೇಕು, ಯಂತ್ರದಲ್ಲಿ ತಿರುಗಿಸಿ ಒತ್ತಿದ ಸಮಾನ ವೃತ್ತಗಳು ಇರಬಾರದು.

ಪೂರ್ತಿ ನಕಲಿಗಿಂತ ಅಪಾಯಕಾರಿ ಅರೆ ಅಸಲಿ. ಎರಡು ಮುರುಕು ಶಿರಸ್ತ್ರಾಣಗಳನ್ನು ಸೇರಿಸಿ ಒಂದು ಮಾಡುವುದು, ಸಾದಾ ಅಸಲಿಯ ಮೇಲೆ ಹೊಸದಾಗಿ ಅಕ್ಷರ ಕೊರೆಯುವುದು ಬಹಳ ಹಳೆಯ ಕಸುಬು. ಕೊರೆದ ಗೆರೆಯೊಳಗೂ ಅದೇ ಕಿಲುಬು ಹರಡಿದೆಯೇ, ಅಥವಾ ಗೆರೆ ಕಿಲುಬನ್ನು ಕಡಿದುಕೊಂಡು ಹೋಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಒಡೆದದ್ದನ್ನು ಎಲ್ಲಿ ಜೋಡಿಸಿದ್ದಾರೆ, ಎಲ್ಲಿ ರಾಳ ತುಂಬಿದ್ದಾರೆ ಎಂಬುದನ್ನು ಎಕ್ಸ್‌-ರೇ ಚಿತ್ರ ತೋರಿಸುತ್ತದೆ.

ಹೆಜ್ಜೆ 6: ಹಣ ಕೊಡುವಾಗ

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್, ತೆರಿಗೆ, ಸಾಗಣೆ, ವಿಮೆ ಸೇರುತ್ತವೆ. ಎಲ್ಲವನ್ನೂ ಕೂಡಿ ಮಿತಿ ನಿಗದಿಪಡಿಸಿಕೊಳ್ಳಿ. ವಸ್ತು ನಕಲಿ ಅಥವಾ ಕಳವಿನದೆಂದು ಮುಂದೆ ತಿಳಿದರೆ ಹಣ ಹಿಂದಿರುಗಿಸುವ ಷರತ್ತು ರಸೀದಿಯಲ್ಲೇ ಇರಲಿ. ಬಾಯಿಮಾತಿನ ಭರವಸೆಗೆ ಒಪ್ಪಬೇಡಿ.

ಹೆಜ್ಜೆ 7: ಪ್ರತಿಕೃತಿಗಳನ್ನೂ ಪರಿಗಣಿಸಿ

ಕರ್ನಾಟಕದಲ್ಲಿರುವ ಹೆಚ್ಚಿನವರಿಗೆ ನಾನು ಕೊಡುವ ಸಲಹೆ ಇದೇ. ಒಳ್ಳೆಯ ಪ್ರತಿಕೃತಿಯನ್ನು ಕೈಗೆತ್ತಿಕೊಳ್ಳಬಹುದು, ತಲೆಗೆ ಧರಿಸಬಹುದು, ಮಕ್ಕಳಿಗೆ ತೋರಿಸಬಹುದು. ಮೊಂತೆಫೊರ್ತಿನೊ ಶಿರಸ್ತ್ರಾಣದ ತೂಕ ಕುತ್ತಿಗೆಗೆ ಹೇಗೆ ಬೀಳುತ್ತದೆಂದು ಗಾಜಿನ ಆಚೆಯ ಅಸಲಿ ತಿಳಿಸಲಾರದು. ಪ್ರಾಚೀನ ಆಯುಧಗಳ ಪ್ರತಿಕೃತಿ ಮಾಡಿ ಜಗತ್ತಿಗೆಲ್ಲ ಕಳುಹಿಸುವ ಕಾರ್ಖಾನೆಗಳು ನಮ್ಮ ಡೆಹ್ರಾಡೂನಿನಲ್ಲೇ ಇವೆ. ಕೊಳ್ಳುವಾಗ ಯಾವ ಸಂಗ್ರಹಾಲಯದ ಯಾವ ವಸ್ತುವಿನ ಮಾದರಿ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಅದು ಕೇವಲ ಸಿನಿಮಾ ವೇಷ. ಲೋಹದ ದಪ್ಪ, ಒಟ್ಟು ತೂಕಗಳನ್ನು ಮೂಲದ ಅಳತೆಯೊಂದಿಗೆ ಹೋಲಿಸಿ.

ಕತ್ತಿ, ಭರ್ಜಿಗಳಿಗೆ 1959ರ ಆಯುಧ ಕಾಯ್ದೆ ಅನ್ವಯಿಸಬಹುದು. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಹರಿತ ಅಲಗುಗಳು ಅದರ ನಿಯಮಗಳಲ್ಲಿ ಬರುತ್ತವೆ. ವಿದೇಶದಿಂದ ತರಿಸಿದರೆ ಕಸ್ಟಮ್ಸ್‌ನಲ್ಲಿ ತಡೆಯಬಹುದು. ಅಲಗಿಗೆ ಹರಿತ ಕೊಡದಂತೆ ಹೇಳಿ ಮಾಡಿಸಿ, ನಿಮ್ಮ ಊರಿನ ಪೊಲೀಸ್ ಆಯುಕ್ತರ ಅಥವಾ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದ ಮೇಲೆ ತರಿಸಿ.

ಹೆಜ್ಜೆ 8: ಆರೈಕೆ ಮತ್ತು ಕಡತ

ಹುಣಸೆಹುಳಿ, ಬೂದಿ, ನಿಂಬೆರಸ, ಅಂಗಡಿಯ ಪುಡಿ ಯಾವುದನ್ನೂ ಪ್ರಾಚೀನ ಕಂಚಿನ ಹತ್ತಿರ ತರಬೇಡಿ. ದೇವರ ಪಾತ್ರೆ ಬೆಳಗುವ ಕೈಗೆ ಹಸಿರು ಕಿಲುಬು ಕೊಳೆಯಾಗಿ ಕಾಣುತ್ತದೆ, ಆದರೆ ಸುತ್ತಿಗೆಯ ಗುರುತು, ಕೊರೆದ ಅಕ್ಷರ, ಅಂಟಿಕೊಂಡ ಬಟ್ಟೆಯ ಎಳೆ ಎಲ್ಲ ಉಳಿದಿರುವುದು ಆ ಕಿಲುಬಿನಲ್ಲೇ. ಒಮ್ಮೆ ಉಜ್ಜಿದರೆ ಅದು ಮರಳಿ ಬರುವುದಿಲ್ಲ.

ಹೆದರಬೇಕಾದದ್ದು ತಿಳಿಹಸಿರು, ಪುಡಿಪುಡಿಯಾದ ಚುಕ್ಕೆಗಳಿಗೆ. ಮಣ್ಣಿನ ಉಪ್ಪಿನಿಂದ ಲೋಹದೊಳಗೆ ಸೇರಿದ ಕ್ಲೋರೈಡ್, ತೇವ ಮತ್ತು ಗಾಳಿಯ ಜೊತೆ ಸೇರಿ ಕಂಚನ್ನು ತಿನ್ನುತ್ತ ಹೋಗುತ್ತದೆ. ಇದನ್ನು ‘ಕಂಚಿನ ರೋಗ’ ಎನ್ನುತ್ತಾರೆ. ಕಂಡ ಕೂಡಲೇ ಆ ವಸ್ತುವನ್ನು ಬೇರೆಯಾಗಿ, ಒಣ ಪೆಟ್ಟಿಗೆಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸಿ. ತಡೆಯಲು ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಸಾಪೇಕ್ಷ ಆರ್ದ್ರತೆಯನ್ನು ಶೇ. 40ಕ್ಕಿಂತ ಕೆಳಗಿಡಬೇಕು. ಮಂಗಳೂರಿನ ಮಳೆಗಾಲದಲ್ಲಿ ತೆರೆದ ಕಪಾಟು ಇದಕ್ಕೆ ಆಗುವುದೇ ಇಲ್ಲ. ಕಬ್ಬಿಣಕ್ಕೆ ಇನ್ನೂ ಒಣ ಗಾಳಿ ಬೇಕು, ಶೇ. 20ಕ್ಕಿಂತ ಕೆಳಗೆ. ಹೊಸ ಪ್ಲೈವುಡ್, ಉಣ್ಣೆಬಟ್ಟೆ, ರಬ್ಬರ್ ಇವು ಬಿಡುವ ಆವಿ ಲೋಹಕ್ಕೆ ಕೆಡುಕು. ಆಮ್ಲರಹಿತ ಕಾಗದ, ಪಾಲಿಥಿನ್ ಫೋಮ್ ಬಳಸಿ. ಮುಟ್ಟುವಾಗ ನೈಟ್ರೈಲ್ ಕೈಗವಸು ಇರಲಿ. ಶಿರಸ್ತ್ರಾಣವನ್ನು ಅಂಚಿನಿಂದಾಗಲಿ ಜುಟ್ಟಿನಿಂದಾಗಲಿ ಎತ್ತಬೇಡಿ, ಎರಡೂ ಅಂಗೈಗಳನ್ನು ಕೆಳಗೆ ಕೊಟ್ಟು ಎತ್ತಿ.

ಪ್ರತಿ ವಸ್ತುವಿಗೂ ಒಂದು ಕಡತ ಮಾಡಿ. ಎಲ್ಲ ಬದಿಗಳಿಂದಲೂ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ, ತೂಕ, ಅಳತೆ, ಮಿಶ್ರಣದ ವರದಿ, ದುರಸ್ತಿಯ ವಿವರ, ರಸೀದಿ, ಹಳೆಯ ಒಡೆಯರ ಪತ್ರಗಳು, ದತ್ತಕೋಶಗಳಲ್ಲಿ ಹುಡುಕಿದ ದಿನಾಂಕ ಎಲ್ಲವೂ ಅದರಲ್ಲಿರಲಿ. ಸಂಶೋಧಕರು ಕೇಳಿದರೆ ನೋಡಲು ಕೊಡಿ, ಪ್ರಕಟಿಸಲು ಬಿಡಿ. ನಿಮ್ಮ ವಸ್ತು ಕಳವಿನದೆಂದು ಎಂದಾದರೂ ತಿಳಿದುಬಂದರೆ ವಕೀಲರ ಮೂಲಕ ಇಟಲಿಯ ರಾಯಭಾರ ಕಚೇರಿಯನ್ನು ಸಂಪರ್ಕಿಸಿ, ಕಡತದ ಪ್ರತಿಯೊಂದಿಗೆ ಹಿಂದಿರುಗಿಸುವ ಮಾತುಕತೆಯನ್ನು ನೀವೇ ಆರಂಭಿಸಿ. ಅಂಥ ತೊಡಕಿಲ್ಲದೆ ಮಕ್ಕಳಿಗೆ ಬಿಟ್ಟುಹೋಗುವುದಾದರೆ ಉಯಿಲಿನಲ್ಲಿ ವಸ್ತುವಿನ ಹೆಸರಿನ ಜೊತೆಗೇ ಕಡತ ಎಲ್ಲಿದೆ ಎಂಬುದನ್ನೂ ಬರೆಯಿರಿ.